ಸೋದರತ್ತೆಯ ಬಲಗೈಯೂ ಚೀನಾದ ಕುಂಚವೂ

ನನ್ನ ಸೋದರತ್ತೆ ಜಗಳವಾಡದೆ ಬಿಟ್ಟವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಎಪ್ಪತ್ತನೇ ವಯಸ್ಸಿನಲ್ಲಿ ತಮ್ಮ ಬಲಗೈಯ ಜೊತೆಗೇ ಜಗಳಕ್ಕೆ ನಿಂತರು! ಲಕ್ವ ಹೊಡೆದು ಅದರ ಸ್ವಾಧೀನ ತಪ್ಪಿತ್ತು. "ಸೋಮಾರಿ, ಏಳೇ!" ಎಂದು ದಿನಾ ಬೆಳಿಗ್ಗೆ ಅದಕ್ಕೆ ಮಂಗಳಾರತಿ.

ಹವಾ ಬದಲಾದರೆ ಗುಣವಾದೀತೆಂದು ಮೂರು ತಿಂಗಳಿಗೆ, ಸ್ವೀಡನ್ನಿನಲ್ಲಿ ನಾನಿದ್ದ ಶೋವ್ಡೆ ಊರಿಗೆ ಕರೆಸಿಕೊಂಡೆ. ಕಾಲಿಂಗ್ ಕಾರ್ಡ್ ಉಜ್ಜಿ ಊರಿಗೆ ಮಾತಾಡುತ್ತಿದ್ದ ಕಾಲ ಅದು. "ನನ್ನ ಬಾಗಿಲಿಗೆ ನಾನೇ ರಂಗೋಲಿ ಹಾಕೋ ಹಾಗಾದ್ರೆ ಮಾತ್ರ ವಾಪಸ್ ಬರ್ತೀನಿ" ಎಂದು ಅಪ್ಪನಿಗೆ ಹೇಳಿಬಿಟ್ಟರು. ಮೂರು ತಿಂಗಳ ವೀಸಾ ಕೇಳಬೇಕಲ್ಲ ಈ ಮಾತು!

ಡಾಕ್ಟರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಮುಟ್ಟಲಿಲ್ಲ. "ಚೆಂಡಾಡೋಕೆ ನಾನೇನು ಪಾಪುವಾ?" ಲೈಬ್ರರಿಯಲ್ಲಿ ಒಬ್ಬ ಚೀನೀ ಅಜ್ಜಿ ಹೂವಿನ ಚಿತ್ರವನ್ನೂ ಕುಂಚದ ಬರಹವನ್ನೂ ಕಲಿಸುತ್ತಾರೆಂದಾಗ ಮಾತ್ರ ಕಣ್ಣರಳಿತು.

"ಹೂವು ತಾನೇ? ನಡಿಯೇ, ಅವರಿಗೂ ಸ್ವಲ್ಪ ಹೇಳ್ಕೊಟ್ಟು ಬರೋಣ!"

ಮೊದಲ ದಿನ ಬಲಗೈ ಬೆರಳುಗಳ ನಡುವೆ ಕುಂಚ ಸಿಕ್ಕಿಸಿ, ಎಡಗೈಯಿಂದ ಆ ಮಣಿಕಟ್ಟನ್ನು ಎತ್ತಿ ಎತ್ತಿ, ತೆಳ್ಳನೆಯ ಚೀನೀ ಕಾಗದದ ತುಂಬ ಸಾಲಾಗಿ ಚುಕ್ಕಿ ಇಟ್ಟರು. ಚುಕ್ಕಿಯಿಲ್ಲದೆ ತಾವರೆ ಬರುತ್ತದೆಯೇ? ಚೀನೀ ಅಜ್ಜಿ "ನೇ, ನೇ!", ಅಂದರೆ ಬೇಡ ಬೇಡ, ಎಂದು ಸ್ವೀಡಿಷ್‌ನಲ್ಲಿ ಕೂಗುತ್ತ ಓಡಿಬಂದರು. ಎಸಳಿಗೆ ಒಂದೇ ಎಳೆತ, ಅಕ್ಷರಕ್ಕೂ ಅದೇ ನಿಯಮ, ಬಿದ್ದ ಗೆರೆಯನ್ನು ತಿದ್ದುವಂತಿಲ್ಲ ಎಂದರು. ನಾನು ಕನ್ನಡಕ್ಕಿಳಿಸಿದೆ.

"ತಿದ್ದಬಾರ್ದಾ? ಇದ್ಯಾವ ಊರಿನ ನ್ಯಾಯ!" ಎನ್ನುತ್ತ ಅತ್ತೆ ಸೆರಗು ಒದ್ದೆ ಮಾಡಿ, ಅಂಗಳದ ರಂಗೋಲಿ ಒರೆಸಿದಂತೆ ಒರೆಸಿಯೇಬಿಟ್ಟರು. ಕಾಗದ ಹರಿಯಿತು, ಮಸಿ ಮೇಜಿಗಿಳಿಯಿತು. ಆಮೇಲೆ ಅವರು ಚೀನೀಯಲ್ಲಿ, ಇವರು ಕನ್ನಡದಲ್ಲಿ ಹತ್ತು ನಿಮಿಷ ಬೈದಾಡಿದರು. ಉಳಿದ ವಿದ್ಯಾರ್ಥಿಗಳು ಇದೂ ಪಾಠದ ಭಾಗವೆಂದುಕೊಂಡು ಶ್ರದ್ಧೆಯಿಂದ ನೋಡಿದರು. ಫೀಕಾ ಎಂಬ ಕಾಫಿ ಬಿಡುವಿನ ಹೊತ್ತಿಗೆ ಇಬ್ಬರೂ ಒಂದೇ ಬನ್ನು ಹಂಚಿಕೊಂಡು ಕಾಫಿ ಕುಡಿಯುತ್ತಿದ್ದರು!

ಅಲ್ಲಿಂದ ವಾರಕ್ಕೊಂದು ಕ್ಲಾಸು, ವಾರಕ್ಕೊಂದು ಜಗಳ. ಒಮ್ಮೆ ಅಜ್ಜಿ ಮೆಲ್ಲಗೆ ಕುಂಚವನ್ನು ಎಡಗೈಗೆ ದಾಟಿಸಿದರು. ಅತ್ತೆ ಕೆಂಡವಾದರು. "ಎಡಗೈಲಿ ಹೂವಾ? ದೇವರು ಮೆಚ್ತಾನಾ?"

ಮೂರು ತಿಂಗಳು ಮುಗಿದವು. ಬಲಗೈ ಮಾತ್ರ ಏಳಲಿಲ್ಲ. ಅವರನ್ನು ಯಾವ ಮುಖ ಇಟ್ಟುಕೊಂಡು ವಿಮಾನ ಹತ್ತಿಸಲಿ ಎಂದು ನನಗೆ ಸಂಕಟ. ಹೊರಡುವ ಹಿಂದಿನ ದಿನ ಆಫೀಸಿನಿಂದ ಮಧ್ಯಾಹ್ನವೇ ಬಂದೆ. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಕೂತಿದ್ದರು, ಕುಂಚ ಎಡಗೈಯಲ್ಲಿ! ಕಾಗದದ ಮೇಲೆ ಒಂದು ಸೊಟ್ಟ ತಾವರೆ. ಚುಕ್ಕಿ ಇರಲಿಲ್ಲ, ಒರೆಸಿದ ಗುರುತೂ ಇರಲಿಲ್ಲ. ಬಲಗೈ ಮಡಿಲಲ್ಲಿ ಬಿದ್ದಿತ್ತು.

ಇನ್ನು ಅದಕ್ಕೆ ಬೈಗುಳ ಶುರು ಅಂದುಕೊಂಡೆ. ಅತ್ತೆ ಕುಂಚ ಕೆಳಗಿಟ್ಟು ಎಡಗೈಯಿಂದ ಆ ಬಲಗೈಯನ್ನು ಮೆಲ್ಲಗೆ ಸವರಿದರು.

"ಅರವತ್ತು ವರ್ಷ ದುಡಿದೆ ಕಣೇ. ಸಾಕು. ಇನ್ಮೇಲೆ ನೀನು ಕೂತ್ಕೊಂಡು ನೋಡು, ರಂಗೋಲಿ ಇವಳು ಹಾಕ್ತಾಳೆ."

ನಾನು ಕೋಟು ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ.