ಅಕ್ಕಿ ಡಬ್ಬದಲ್ಲಿ ಮೆಡ್ಲರ್

ಕಾಯಿಯನ್ನು ಹಣ್ಣು ಮಾಡುವ ವಿದ್ಯೆಯನ್ನು ಈ ಬದರಿನಾಥನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಶ್ರೀನಿವಾಸಪುರದಲ್ಲಿ ನಮ್ಮಪ್ಪನದು ಮಾವಿನ ಮಂಡಿ. ಹುಲ್ಲಿನಲ್ಲಿ ಅಡೆ ಹಾಕಿದ ಮಾವಿನ ಪಕ್ಕದಲ್ಲೇ ಬೆಳೆದವನು ನಾನು.

ಹಾಗಾಗಿ ಮೆಲ್ಬರ್ನಿನ ನಮ್ಮ ಬಾಡಿಗೆ ಮನೆಯ ಒಡತಿ, ಎಪ್ಪತ್ತು ದಾಟಿದ ಮಿಲೇನಾ ಆಂಟಿ, ಹಿತ್ತಲಿನ ಮೆಡ್ಲರ್ ಮರ ತೋರಿಸಿ, "ನನ್ನ ಗಂಡ ನೆಟ್ಟಿದ್ದು. ಕಾಯಿ ಕಿತ್ತು ಹಣ್ಣು ಮಾಡಿಡು. ಹೇಗೆ ಅಂತ ಬರೆದಿದ್ದೇನೆ" ಎಂದು ಚೀಟಿ ಕೊಟ್ಟಾಗ ನನಗೆ ನಗು ಬಂತು. ಚೀಟಿಯನ್ನು ಓದದೆ ಫ್ರಿಜ್ಜಿಗೆ ಅಂಟಿಸಿದೆ.

"ಒಂದ್ಸಲ ಓದ್ರೀ" ಎಂದಳು ಹೆಂಡತಿ ಸಂಯುಕ್ತಾ.

"ಮಂಡಿಯವನ ಮಗನಿಗೆ ಚೀಟಿ ಬೇಕೇನೇ?"

ಚಿಕ್ಕ ಸೇಬಿನಷ್ಟು ಗಾತ್ರ, ಕಲ್ಲಿನಷ್ಟು ಗಟ್ಟಿ. ಕೈಗೆ ಸಿಕ್ಕ ಅರವತ್ತು ಕಾಯಿಗಳನ್ನು ಕಿತ್ತು ಸೋನಾ ಮಸೂರಿ ಡಬ್ಬದೊಳಗೆ ಹೂತೆ.

"ಅನ್ನಕ್ಕೇನ್ ಮಾಡ್ಲಿ?"

"ಮೂರು ವಾರ ಚಪಾತಿ!"

ಆಂಟಿ ಜೂನ್ ಹದಿನೇಳರ ಭಾನುವಾರ ಬರುವವರಿದ್ದರು. ಮನೆ ಅಗ್ರಿಮೆಂಟ್ ಮುಂದುವರಿಸುವುದೋ ಬಿಡುವುದೋ ಅಂದೇ ತೀರ್ಮಾನ. 2007ರಲ್ಲಿ ಒಂದು ಬಾಡಿಗೆ ಮನೆ ನೋಡಲು ನಲವತ್ತು ಜನ ಸಾಲು ನಿಲ್ಲುತ್ತಿದ್ದರು. ಸಂಯುಕ್ತಾಗೆ ಆಗ ಏಳು ತಿಂಗಳು. ತುಂಬಿದ ಬಸುರಿಯನ್ನು ಆ ಸಾಲಿನಲ್ಲಿ ನಿಲ್ಲಿಸಲು ನಾನು ತಯಾರಿರಲಿಲ್ಲ.

ಅದಕ್ಕೆ ಮೂರು ದಿನ ಮುಂಚೆ, ಗುರುವಾರ, ಡಬ್ಬದ ಮುಚ್ಚಳ ತೆಗೆದೆ. ಅಯ್ಯೋ ದೇವರೇ! ಅರವತ್ತಕ್ಕೆ ಅರವತ್ತೂ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಸುಕ್ಕಾಗಿ, ಮುಟ್ಟಿದರೆ ಪಿಚಕ್! ಹೆಂಡದಂಗಡಿಯ ವಾಸನೆ ಬೇರೆ. ನಮ್ಮಪ್ಪನ ಮಂಡಿಯ ಮಾನ ಅಕ್ಕಿಯೊಳಗೇ ಕೊಳೆತುಹೋಗಿತ್ತು. ಬೆವರುತ್ತಾ ಎಲ್ಲವನ್ನೂ ಕವರಿಗೆ ತುಂಬಿ, ಬಿಗಿಯಾಗಿ ಗಂಟು ಹಾಕಿ, ಹೊರಗಿನ ಬಿನ್ನಿಗೆ ಹಾಕಿದೆ. ಮರದ ತುದಿಯಲ್ಲಿ ಉಳಿದಿದ್ದ ಹತ್ತು ಗಟ್ಟಿ ಕಾಯಿಗಳನ್ನು ಕಿತ್ತು, ಎಣ್ಣೆ ಸವರಿ, ಬೆಳ್ಳಿ ತಟ್ಟೆಯಲ್ಲಿ ಜೋಡಿಸಿದೆ. ಮೂರು ರಾತ್ರಿ ನಿದ್ದೆ ಬರಲಿಲ್ಲ.

ಭಾನುವಾರ ಆಂಟಿ ಬಂದರು. ಒಂದು ಕಾಯಿ ತೆಗೆದುಕೊಂಡು ಮೇಜಿಗೆ ಕುಟ್ಟಿದರು. ಟಣ್!

"ಇದು ಕಲ್ಲು. ಕೊಳೆತಿದ್ದು ಎಲ್ಲಿ?"

"ಕೊಳೆ...ತಿದ್ದು?"

"ಮೆಡ್ಲರ್ ಕೊಳೆತ ಹಾಗಾದರೇ ಹಣ್ಣು! ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರಲಿಲ್ಲವೇ? ಎಸೆಯಬೇಡ ಅಂತ?"

ಕಣ್ಣೆದುರು ನಲವತ್ತು ಜನರ ಸಾಲು, ಕೊನೆಯಲ್ಲಿ ನನ್ನ ಸಂಯುಕ್ತಾ!

ಅಷ್ಟರಲ್ಲಿ ಅವಳೇ ಒಳಗಿನಿಂದ ಒಂದು ಬಟ್ಟಲು, ಚಮಚ ತಂದಿಟ್ಟಳು. ಬಟ್ಟಲಿನಲ್ಲಿ ಅದೇ ಸುಕ್ಕು ಮುದ್ದೆಗಳು! "ನಾನು ಚೀಟಿ ಓದಿದ್ದೆ ಆಂಟಿ. ಇವರು ಬಿನ್ನಿಗೆ ಹಾಕಿದ್ರು, ನಾನು ಗಂಟು ಬಿಚ್ಚದೆ ವಾಪಸ್ ತಂದೆ."

"ನನಗೆ ಯಾಕೆ ಹೇಳ್ಲಿಲ್ವೇ?" ಎಂದು ಪಿಸುಗುಟ್ಟಿದೆ.

"ಮಂಡಿಯವರ ಮಗನಿಗೆ ನಾನ್ಯಾಕೆ ಹೇಳ್ಲಿ?"

ಆಂಟಿ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ತೆರೆದಾಗ ಕಣ್ಣು ಒದ್ದೆಯಾಗಿತ್ತು. "ನನ್ನ ಗಂಡ ಮಾಡುತ್ತಿದ್ದ ಹಾಗೇ ಇದೆ" ಎಂದರು. ಅವರು ಬ್ಯಾಗಿನಿಂದ ಅಗ್ರಿಮೆಂಟ್ ತೆಗೆದು, ನನ್ನ ಹೆಸರು ಹೊಡೆದುಹಾಕಿ ಸಂಯುಕ್ತಾಳ ಹೆಸರು ಬರೆದರು. ಕೊನೆಗೆ ಷರತ್ತುಗಳ ಪುಟಕ್ಕೂ ಪೆನ್ನಿನಲ್ಲಿ ಏನೋ ಸೇರಿಸಿ ನನ್ನ ಕಡೆ ತಳ್ಳಿದರು.

ಈ ಸಲ ಓದಿದೆ: "ನಾಯಿ, ಮೇಕೆ ಮತ್ತು ಬದರಿನಾಥ ಮೆಡ್ಲರ್ ಮರದ ಹತ್ತಿರ ಸುಳಿಯಕೂಡದು."