ರೊಟ್ಟಿಗಂಟು ಪ್ರಸಾದವಾದದ್ದು

ಆ ಶನಿವಾರ ದುರುಗೇಶನ ಪಾಡಿಗೆಲ್ಲ ಕಾರಣವಾದದ್ದು ಅವನ ತಾಯಿ ಚೌಡವ್ವ ಕಟ್ಟಿದ ರೊಟ್ಟಿಗಂಟು.

ರಾಣೆಬೆನ್ನೂರಿನಲ್ಲಿ ಮೊಬೈಲು ರಿಪೇರಿ ಅಂಗಡಿ ಇಟ್ಟುಕೊಂಡ ದುರುಗೇಶನಿಗೆ ವಯಸ್ಸು ನಲವತ್ತೆರಡು. ಆದರೂ ಅಂದು ಮಗಳು ಪ್ರಿಯಾಂಕಾಳಿಗಿಂತ ಮೊದಲೇ ಎದ್ದು, ಪ್ಯಾಂಟಿನೊಳಗೆ ಹೊಸ ನೈಲಾನ್ ಚಡ್ಡಿ ಹಾಕಿಕೊಂಡು ಕುಳಿತಿದ್ದ. ಮೋಟೆಬೆನ್ನೂರಿನ ಆಚೆ ಹೆದ್ದಾರಿಯ ಪಕ್ಕ, ದೊಡ್ಡ ಛಾವಣಿಯಡಿಯಲ್ಲೇ ನೀರಿನಾಟದ ರೆಸಾರ್ಟ್ ಒಂದು ಎದ್ದಿತ್ತು. ಮೂರಂತಸ್ತಿನ ಎತ್ತರದಿಂದ ಸುತ್ತಿ ಸುತ್ತಿ ನೀರಿಗೆ ಬೀಳಿಸುವ ಜಾರುಬಂಡಿ ಅಲ್ಲಿ ಅಂದೇ ಆರಂಭ. ಒಮ್ಮೆ ಜಾರಿದರೆ ಸಾಕು, ಹುಟ್ಟಿದ್ದು ಸಾರ್ಥಕವೆಂದು ದುರುಗೇಶ ನಂಬಿದ್ದ.

ಚೌಡವ್ವ ಎಲ್ಲರ ಹಣೆಗೂ ದೇವರಗುಡ್ಡದ ಅರಿಶಿನ ಭಂಡಾರ ಹಚ್ಚಿದಳು. ಪಕ್ಕದ ಮನೆಯ ಶೇಖಪ್ಪ ಕಾರು ತಂದ. ಕಾರಿನ ಜೊತೆಗೆ ತಾನೂ ಬಂದ.

ಗೇಟಿನಲ್ಲಿ ಕಾವಲುಗಾರ ಗೂಡುಸಾಬ ಗಂಟನ್ನು ಮುಟ್ಟಿ ನೋಡಿದ. "ಹೊರಗಿನ ಊಟ ಒಳಗ ಬಿಡಂಗಿಲ್ರಿ."

"ರೊಟ್ಟಿ ಬಿಟ್ಟು ನಾ ಬರಂಗಿಲ್ಲ," ಎಂದು ಚೌಡವ್ವ ಅಲ್ಲೇ ಕುಳಿತಳು. "ಹೊರಗಿನ ಕೂಳು ನನಗ ಒಗ್ಗಂಗಿಲ್ಲ."

ಒಳಗಿನಿಂದ ನೀರಿನ ಸದ್ದು, ಜನರ ಕೇಕೆ. ದುರುಗೇಶನ ಕಾಲು ನಿಂತಲ್ಲಿ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. "ಊಟ ಅಲ್ರಿ ಇದು. ದೇವರಗುಡ್ಡದ ಪ್ರಸಾದ."

ಗೂಡುಸಾಬ ಟೊಪ್ಪಿಗೆ ತೆಗೆದ. "ಮೊದಲ ಹೇಳಬಾರದೇನ್ರಿ! ನಮ್ಮ ಮನಿಯವರೂ ಗುಡ್ಡದ ದೇವರಿಗೆ ನಡ್ಕೊಂತಾರ," ಎಂದು ಎರಡೂ ಕೈ ಚಾಚಿದ. ಟಿಕೆಟಿನವಳು ಬಂದಳು, ಕಸ ಹೊಡೆಯುವವರು ಬಂದರು, ಸೀಟಿ ಊದುವವರು ಬಂದರು. ದೇವರ ಹೆಸರು ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಮಾದಲಿ ಎಲ್ಲವೂ ಮದುವೆ ಮನೆಯ ಪಾನಕದಂತೆ ಮುಗಿದವು.

"ನನ್ನ ಎಣ್ಣೆಗಾಯಿ ಹೋದ್ವಲ್ಲೋ ಯಪ್ಪಾ," ಎಂದು ಚೌಡವ್ವ ಮಗನ ಬೆನ್ನು ಚಿವುಟಿದಳು.

ಕೊನೆಗೆ ಮ್ಯಾನೇಜರ್ ಸುಭಾಷ ಕೈಮುಗಿದು ಬಂದ. "ಹೊಸಾ ಜಾರುಬಂಡಿಗೆ ಪೂಜಿ ಆಗಬೇಕ್ರಿ. ಪೂಜಾರಿ ಬಂದಿಲ್ಲ. ಗುಡ್ಡದಿಂದ ಬಂದೀರಿ, ನೀವ ಒಂದ್ ಕಾಯಿ ಒಡೀರಿ."

ದುರುಗೇಶ ಬಾಯಿ ತೆರೆಯುವಷ್ಟರಲ್ಲಿ ಶೇಖಪ್ಪ, "ಒಡೀತಾನ ತಗೋರಿ! ನಮ್ಮ ದುರುಗೇಶನ ಕೈಗುಣ ಭಾಳ ಚಲೋ ಐತಿ," ಎಂದುಬಿಟ್ಟ.

ಪ್ಯಾಂಟು ಬಿಚ್ಚಿದ್ದೇ ತಡ, ನೈಲಾನ್ ಚಡ್ಡಿಯ ಮೇಲೆ ಯಾರದೋ ಪಂಚೆ ಬಿತ್ತು. ಅವ್ವ ದೀಪ ಹಚ್ಚುವಾಗ ಗುನುಗುವ ನಾಲ್ಕು ಸಾಲುಗಳನ್ನೇ ಮೂಗಿನಲ್ಲಿ ಎಳೆದೆಳೆದು ದುರುಗೇಶ ಕಾಯಿ ಒಡೆದ. ನೀರು ಭೋರ್ಗರೆದು ಇಳಿಯಿತು. ಜನ ಹೋ ಎಂದರು. ಅವನೂ ಸಂಭ್ರಮದಿಂದ ಪಂಚೆ ಬಿಚ್ಚಲು ಕೈ ಹಾಕಿದ.

"ಸ್ವಾಮೇರ, ನಮ್ಮ ಪಂಪಿಗೂ ಒಂದ್ ಆರತಿ ಬೆಳಗ್ರಿ," ಎಂದಿತು ಒಂದು ದನಿ.

ಪಂಪಿನ ಬಳಿಕ ಜನರೇಟರು, ಅಲೆ ಏಳುವ ಕೊಳ, ಅಡುಗೆಮನೆಯ ಬಾಣಲೆ. ಜಾರಲು ಹೆದರಿದವರೆಲ್ಲ ಭಂಡಾರ ಹಚ್ಚಿಸಿಕೊಳ್ಳಲು ಸಾಲು ನಿಂತರು. ಹೆಂಡತಿ ಭುವನಾ ಐದು ಸಲ ಜಾರಿದಳು. ಚೌಡವ್ವ ಕೂಡ ಸೀರೆ ಕಚ್ಚೆ ಹಾಕಿ ಅಲೆಗಳಲ್ಲಿ ಕುಳಿತು "ಏಳುಕೋಟಿ!" ಎಂದು ಗುಡ್ಡದ ದೇವರ ಘೋಷ ಕೂಗುತ್ತಿದ್ದಳು.

"ಅಪ್ಪಾ, ಬಾರೋ!" ಎಂದು ಪ್ರಿಯಾಂಕಾ ಮೇಲಿನಿಂದ ಕರೆದಳು.

"ಮಡಿಯೊಳಗ ಅದಾರ, ಕರೀಬ್ಯಾಡವಾ," ಎಂದು ಗೂಡುಸಾಬ ಗದರಿದ.

ಮಧ್ಯಾಹ್ನ ಮ್ಯಾನೇಜರ್ ಎಲ್ಲರಿಗೂ ಪುಕ್ಕಟೆ ಊಟ ಹಾಕಿಸಿದ. ಶೇಖಪ್ಪ ತುಂಬಿದ ಬಾಯಲ್ಲೇ, "ಪೂಜಿ ಮುಗಿಯೂತನಕ ಅಂವಾ ಉಪವಾಸರಿ," ಎಂದ. ದುರುಗೇಶನ ಮುಖ ಒಂದು ಪರ್ಸೆಂಟ್ ಚಾರ್ಜಿನ ಮೊಬೈಲಿನಂತಾಯಿತು.

ಸಂಜೆ, ಮುಚ್ಚಲು ಇನ್ನು ಹತ್ತೇ ನಿಮಿಷ. ಅವನು ಪಂಚೆ ಕಿತ್ತೆಸೆದು ಮೂರಂತಸ್ತನ್ನು ಒಂದೇ ಉಸಿರಿನಲ್ಲಿ ಹತ್ತಿದ. ಜಾರುಬಂಡಿಯ ಬಾಯಲ್ಲಿ ಸುಭಾಷ ನಿಂತಿದ್ದ.

"ಸಾಹೇಬ್ರ, ಕೈ ಮುಗೀತೇನಿ," ಎಂದ ದುರುಗೇಶ. "ನಾ ಪೂಜಾರಿ ಅಲ್ಲ. ಅದು ಪ್ರಸಾದನೂ ಅಲ್ಲ. ಒಂದ್ ಸಲ ಜಾರಾಕ ಬಿಡ್ರಿ."

ಸುಭಾಷ ಮೆಲ್ಲಗೆ ನಕ್ಕ. "ಗೊತ್ತೈತ್ರಿ. ನಾ ರಾಣೆಬೆನ್ನೂರ ಕಡೆ ಕುಪ್ಪೇಲೂರಿನವ. ಹೋದ ತಿಂಗಳ ನನ್ನ ಮೊಬೈಲಿಗೆ ಗಾಜು ಹಾಕಿಕೊಟ್ಟವರು ನೀವ ಅಲ್ಲೇನು?"

"ಮತ್ತ... ಪೂಜಿ ಯಾಕ ಮಾಡಿಸಿದ್ರಿ?"

"ಪೂಜಿ ಆಗೂತನಕ ಜಾರುಬಂಡಿಗೆ ನೀರು ಬಿಡಂಗಿಲ್ಲ ಅಂತ ಹುಡುಗರು ಹಟ ಹಿಡಿದಿದ್ರು. ಅಷ್ಟರಾಗ ನೀವು ಬಂದ್ರಿ. ದೇವರ ಕಳಿಸ್ಯಾನ ಅಂತ ಕೈ ಮುಗಿದೆ."

"ಹಂಗಾರ ಈಗ ಜಾರಲೇನು?"

"ಕೆಳಗ ಜನ ನಿಂತಾರ್ರಿ. ಪೂಜಾರಿ ಚಡ್ಡಿ ಮ್ಯಾಲ ಬಿದ್ರ ನಾಳೆ ಒಬ್ಬರೂ ನೀರಿಗಿಳಿಯಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ, ಇನ್ನ ಪ್ರತಿ ಶನಿವಾರ ಪೂಜಿ ನಿಮ್ಮದ. ಅದಕ್ಕ ಇಡೀ ಮನಿಗೆ ವರ್ಷದ ಪಾಸ್ ಪುಕ್ಕಟೆ. ನಿಮ್ಮ ಮನಿಯವರು ಒಪ್ಪಿ, ಪಾಸಿಗೆ ಫೋಟೋನೂ ತೆಗೆಸ್ಯಾರ."

ದುರುಗೇಶನ ಮುಖಕ್ಕೆ ಜೀವ ಬಂತು. ಇಂದಲ್ಲದಿದ್ದರೆ ಬರುವ ಶನಿವಾರ! ಅವಸರದಿಂದ ತಲೆ ಬಾಚಿಕೊಂಡು, "ನನ್ನ ಫೋಟೋ ಎಲ್ಲಿ ತೆಗೀತೀರಿ?" ಎಂದ.

"ನಿಮಗ್ಯಾಕ್ರಿ ಪಾಸು?" ಎಂದ ಸುಭಾಷ, ಪಂಚೆಯನ್ನು ಅವನ ಹೆಗಲಿಗೆ ಹಾಕುತ್ತ. "ನೀವಿನ್ನ ಸ್ಟಾಫ್. ಸ್ಟಾಫ್ ನೀರಿಗಿಳಿಯಂಗಿಲ್ಲ."