ಕಲಂ ಇಲ್ಲದ ಅಪರಾಧ

ಸಿಟ್ಟಿಗೂ ಒಂದು ವೇಳೆ ಇಟ್ಟುಕೊಂಡವಳು ನಾನು. ಐದಕ್ಕೆ ಏಳುವುದು, ಐದೂವರೆಗೆ ಅಂಗಳ, ಏಳಕ್ಕೆ ರೊಟ್ಟಿ, ಎಂಟಕ್ಕೆ ಪೇಪರು. ಪೇಪರು ಓದುವಾಗ ಸಿಟ್ಟು; ಎಂಟೂವರೆಗೆ ಪೇಪರು ಮಡಚುವಾಗ ಸಿಟ್ಟನ್ನೂ ಮಡಚಿ ಇಡುವುದು. ಕೋರ್ಟಿನಲ್ಲಿ ಮೂವತ್ತು ವರ್ಷ ಬೆಂಚ್ ಕ್ಲರ್ಕ್ ಆಗಿದ್ದವಳಿಗೆ ಇದೇನೂ ಕಷ್ಟವಲ್ಲ. ಆದರೆ ಕಳೆದ ತಿಂಗಳು ಬಂದ ಸಿಟ್ಟು ವೇಳಾಪಟ್ಟಿ ಮೀರಿ ಊಟದ ತಟ್ಟೆಯವರೆಗೂ ಬಂತು. ನಮ್ಮ ಯಜಮಾನರು ನಾರಾಯಣಪುರ ಅಣೆಕಟ್ಟಿನಲ್ಲಿ ಗೇಟು ಎತ್ತಿ ಇಳಿಸಿ ನಿವೃತ್ತರಾದವರು. "ಒಳಹರಿವು ಭಾಳ ಆಗ್ಯಾದ. ಒಂದೆರಡು ಗೇಟು ಎತ್ತು, ಯಾರಿಗರ ಹೇಳಿ ಹಗುರಾಗು," ಎಂದರು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಸುರಪುರದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಅಸ್ಮಾ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಕಕ್ಕೇರಾದವಳು, ಕಾನೂನು ಓದುವ ಕೊನೆಯ ವರ್ಷ. ಯಾದಗಿರಿಯಲ್ಲಿ ಕಾನೂನು ವಿದ್ಯಾರ್ಥಿಗಳ ಅಣಕು ಸಂಸತ್ತು ಏರ್ಪಾಡಾಗಿತ್ತು. ಅಲ್ಲಿ ಪಾಸಾದ ಮಸೂದೆಗಳು ಮಾತ್ರ ಕಲಬುರಗಿಯ ದೊಡ್ಡ ಸ್ಪರ್ಧೆಗೆ. ಕಲಬುರಗಿಯಲ್ಲಿ ಗೆದ್ದವರನ್ನು ಅಲ್ಲಿನ ಹಿರಿಯ ವಕೀಲರೊಬ್ಬರು ತಮ್ಮ ಕಚೇರಿಗೆ ಸೇರಿಸಿಕೊಳ್ಳುತ್ತಾರಂತೆ. ವಕೀಲರ ಮನೆತನವಲ್ಲದ ಹುಡುಗಿಗೆ ಅಂಥ ಬಾಗಿಲು ಇನ್ನೊಂದಿಲ್ಲ. ಒಂದು ಸಂಜೆ ತನ್ನ ಮಸೂದೆಯ ಕರಡು ಹಿಡಿದು ಇಳಿದು ಬಂದಳು. ಜನಾಂಗಹತ್ಯೆಯನ್ನು ನಮ್ಮ ದೇಶದ ಕಾನೂನಿನಲ್ಲಿ ಅಪರಾಧವೆಂದು ಸೇರಿಸುವ ಮಸೂದೆ.

"ಸೇರಸೋದೇನದವಾ, ಅದು ಇದ್ದೇ ಇರತದ," ಎಂದೆ.

"ಇಲ್ರಿ ಅಮ್ಮಾ. ಅದನ್ನ ತಡೀತೀವಿ, ಮಾಡಿದವರಿಗೆ ಶಿಕ್ಷಾ ಕೊಡ್ತೀವಿ ಅಂತ ಬ್ಯಾರೆ ದೇಶದವರ ಮುಂದ ಸಹಿ ಮಾಡ್ಯಾರ, ನಮ್ಮ ಅಜ್ಜನ ಕಾಲದಾಗ. ಅದನ್ನ ಇಲ್ಲಿ ಸಂಸತ್ತಿನಾಗ ಕಾನೂನು ಮಾಡಬೇಕಲ್ರಿ, ಅದೊಂದು ಮಾಡಿಲ್ಲ. ಹಿಂಗಾಗಿ ಪೊಲೀಸರಿಗೆ ಹಚ್ಚಾಕ ಕಲಂ ಇಲ್ಲ."

ನಾನು ನಂಬಲಿಲ್ಲ. ಹೊಸ ದಂಡಸಂಹಿತೆಯ ಪುಸ್ತಕ ತೆಗೆದು, ಕನ್ನಡಕ ಒರೆಸಿ, ಮೊದಲ ಕಲಮಿನಿಂದ ಕೊನೆಯ ಕಲಮಿನವರೆಗೆ ಬೆರಳಿಟ್ಟು ನೋಡಿದೆ. ಒಬ್ಬನನ್ನು ಕೊಂದರೆ ಕಲಂ ಇದೆ. ದನ ಕದ್ದರೆ ಇದೆ. ಒಂದು ಜನಾಂಗವನ್ನೇ ಇಲ್ಲವಾಗಿಸಲು ಹೊರಟರೆ ಅದಕ್ಕೆಂದು ಹೆಸರಿಟ್ಟ ಕಲಂ ಇಲ್ಲ! ಪುಸ್ತಕ ಹೊಸದು ಮಾಡುವಾಗ ಎಷ್ಟು ಶ್ರಮಪಟ್ಟರು. ಮುನ್ನೂರಾ ಎರಡು ಎಂದರೆ ಖೂನಿ ಎಂದು ಚಹಾ ಅಂಗಡಿಯವನಿಗೂ ಗೊತ್ತಿತ್ತು, ಅದನ್ನು ನೂರಾ ಮೂರು ಮಾಡಿದರು. ಒಬ್ಬನನ್ನು ನಾನೂರಾ ಇಪ್ಪತ್ತು ಎಂದು ಬೈಯುವ ಸುಖವನ್ನೂ ಕಸಿದುಕೊಂಡರು. ಇಷ್ಟೆಲ್ಲ ಮಾಡಿದವರಿಗೆ ಈ ಒಂದು ಕಲಂ ಬರೆಯಲು ಶಾಯಿ ಸಾಲದಾಯಿತೆ? ಹೊರಗೆ ಹೋಗಿ ಸಹಿ ಮಾಡಿ, ಒಳಗೆ ಬಂದು ಮರೆತುಬಿಡುವುದು ಯಾವ ಶಿಸ್ತು?

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಯಾದಗಿರಿ ಕೋರ್ಟಿನಲ್ಲಿದ್ದಾಗ ರಾಮಸಮುದ್ರದ ಮುದುಕನೊಬ್ಬ ಫಿರ್ಯಾದು ಬರೆಸಿಕೊಂಡು ಬಂದಿದ್ದ. "ಕಲಂ ಎಲ್ಲಿ? ಬರೆಸಿಕೊಂಡು ಬಾ," ಎಂದು ಹಿಂದಕ್ಕೆ ಕೊಟ್ಟೆ. "ಕಲಂ ಇಲ್ಲಾಂದ್ರ ಅದು ತಪ್ಪೇ ಅಲ್ಲೇನ್ರಿ ಬಾಯಾರ?" ಎಂದು ಕೇಳಿದ. ಅವನಿಗೆ ಉತ್ತರ ಕೊಡುವ ವೇಳೆ ನನಗಿರಲಿಲ್ಲ. ಹನ್ನೊಂದಕ್ಕೆ ಸಾಹೇಬರು ಪೀಠಕ್ಕೆ ಬರುವವರಿದ್ದರು.

ಇರಲಿ. ನಾಲ್ಕು ದಿನದ ನಂತರ ಅಸ್ಮಾ ಮುಖ ಸಣ್ಣದು ಮಾಡಿಕೊಂಡು ಬಂದಳು. ಸಂಸತ್ತಿನ ಉಸ್ತುವಾರಿ ಹೊತ್ತ ಅಧ್ಯಾಪಕರು ವಿಷಯ ಬದಲಿಸು, ಪ್ಲಾಸ್ಟಿಕ್ ನಿಷೇಧ ತಗೋ ಎಂದಿದ್ದರಂತೆ. ಮರುದಿನವೇ ಅವಳನ್ನು ಕರೆದುಕೊಂಡು ಬೆಳಗಿನ ಬಸ್ಸು ಹತ್ತಿದೆ.

"ಬಾಯಾರ, ನಮ್ಮ ಯಾದಗಿರಿಯಾಗ ಅಂಥಾದ್ದೇನು ನಡದಿಲ್ಲಲ್ರಿ?" ಎಂದರು ಅಧ್ಯಾಪಕರು.

"ನಡದ ಮ್ಯಾಲೆ ಬರೀತೀರೇನು? ಹಿಂದಿನ ತಪ್ಪಿಗೆ ಇವತ್ತಿನ ಕಲಂ ಹಚ್ಚಾಕ ಬರೋದಿಲ್ಲ. ಕಾನೂನು ಕಲಸೋರು ನೀವು, ಇದು ನಾ ಹೇಳಬೇಕೇನು?"

"ಸಣ್ಣ ಹುಡುಗಿ, ದೊಡ್ಡ ವಿಷಯ..."

"ಸಣ್ಣ ವಿಷಯ ನೀವು ಹಿಡಕೋರಿ. ಪ್ಲಾಸ್ಟಿಕ್ಕಿನ ಮ್ಯಾಲೆ ನೀವೇ ಮಾತಾಡ್ರಿ."

ಪಕ್ಕದ ಮೇಜಿನವರು ನಕ್ಕರು. ಅಧ್ಯಾಪಕರು ನಗಲಿಲ್ಲ, ಸೋತರು. "ಆತು, ಇರಲಿ. ಆದ್ರ ಅವತ್ತು ವೇಳೆ ನೋಡಾಕ ನೀವೇ ಕೂಡಬೇಕು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಪೂರಾ ಮಸೂದೆ ಓದಿ ಮುಗಿಸಿದ್ರ ಮತಕ್ಕ ಹಾಕ್ತೀವಿ. ಗಂಟಿ ಹೊಡದ್ರ ಅಲ್ಲಿಗೆ ಬಿತ್ತು." ನನಗೆ ಒಳಗೊಳಗೇ ಹಿಗ್ಗು. ಗಡಿಯಾರ ನೋಡಲು ಈ ಜಿಲ್ಲೆಯಲ್ಲಿ ನನಗಿಂತ ಯೋಗ್ಯರು ಯಾರಿದ್ದಾರೆ?

ಆ ದಿನ ಅಸ್ಮಾ ಬಿಳಿ ದುಪ್ಪಟ್ಟಾ ಹೊದ್ದು ನಿಂತಳು. ಚೆನ್ನಾಗಿಯೇ ಓದಿದಳು. ವಿರೋಧ ಪಕ್ಷದ ಸಾಲಿನಿಂದ ಒಬ್ಬ, "ಮೇಡಮ್ಮಾರ, ಇದನ್ನೆಲ್ಲಾ ತಗೊಂಡು ವಿದೇಶಕ್ಕ ಹೋಗ್ರಿ," ಎಂದು ಕೂಗಿದ. ನಗೆ ಎದ್ದಿತು. ನಗೆ ಇಳಿಯುವಷ್ಟರಲ್ಲಿ ಮೈಕು ಕೈಕೊಟ್ಟಿತು. ಅದನ್ನು ತಟ್ಟಿ, ಊದಿ, ಸರಿಮಾಡುವವರೆಗೆ ಅವಳು ಹಾಳೆ ಹಿಡಿದು ಸುಮ್ಮನೆ ನಿಂತಿದ್ದಳು. ನನ್ನ ಗಡಿಯಾರ ಮಾತ್ರ ನಿಂತಿರಲಿಲ್ಲ. ಮುಳ್ಳು ಹತ್ತು ನಿಮಿಷಕ್ಕೆ ಬಂತು. ನನ್ನ ಕೈ ಯಾರನ್ನೂ ಕೇಳಲಿಲ್ಲ. ಗಂಟೆ ಹೊಡೆದೆ.

ಒಂದೇ ಒಂದು ಕಲಂ ಉಳಿದಿತ್ತು. ಮಸೂದೆ ಬಿತ್ತು. ಕಲಬುರಗಿಗೆ ಬೇರೆ ಯಾರದೋ ಪ್ಲಾಸ್ಟಿಕ್ ಹೋಯಿತು. ಅಧ್ಯಾಪಕರು ಎದ್ದು ಬಂದು, "ಶಿಸ್ತಂದ್ರ ಇದು ಬಾಯಾರ!" ಎಂದು ಎಲ್ಲರೆದುರು ಕೈಮುಗಿದರು. ಅಷ್ಟು ಕೆಟ್ಟ ಹೊಗಳಿಕೆ ನನ್ನ ಜನ್ಮದಲ್ಲಿ ಕೇಳಿರಲಿಲ್ಲ.

ಬಸ್ಸಿನಲ್ಲಿ ಅಸ್ಮಾ ನನ್ನ ಪಕ್ಕದಲ್ಲೇ ಕುಳಿತಳು.

"ಮೈಕು ಕೆಟ್ಟ ವೇಳೆ ಬಿಟ್ಟು ಎಣಿಸಬಹುದಿತ್ತಲ್ರಿ ಅಮ್ಮಾ?" ಎಂದಳು.

"ನಾ ಏನ್ ಮಾಡ್ಲವಾ? ಹತ್ತು ನಿಮಿಷಕ್ಕ ಹೊಡೀರಿ ಅಂತ ಅವರು ಹೇಳಿದ್ರು, ಹೊಡದೆ."

ಅವಳು ಚೀಲದಿಂದ ಕರಡು ತೆಗೆದಳು. "ಓದಾಕ ಆಗಲಾರದ್ದು ಒಂದು ಕಲಂ ಉಳದದಲ್ರಿ, ಈಗ ಓದ್ತೀನಿ, ಕೇಳ್ರಿ," ಎಂದು, ಭಾಷೆ ನಾನೇ ತಿದ್ದಿದ ಆ ವಾಕ್ಯವನ್ನು ಕಂಡಕ್ಟರಿಗೂ ಕೇಳುವಂತೆ ಓದಿದಳು: "ಮೇಲಿನವರು ಹೇಳಿದಂತೆ ಮಾಡಿದೆ ಎಂಬ ಕಾರಣದಿಂದ ಯಾವನೇ ಆರೋಪಿಯೂ ಹೊಣೆಯಿಂದ ಮುಕ್ತನಾಗತಕ್ಕದ್ದಲ್ಲ."

ಓದಿ, ಹಾಳೆ ಮಡಚಿ, ನನ್ನ ಮುಖ ನೋಡಿದಳು. "ತಪ್ಪು ಒಪ್ಕೋತೀರೇನ್ರಿ?"

ಕೇಸು ಮುಂದೂಡಿರೆಂದು ವಾಯಿದೆ ಕೇಳುವ ವಕೀಲರನ್ನು ಮೂವತ್ತು ವರ್ಷ ಕೆಂಗಣ್ಣಿನಿಂದ ನೋಡಿದವಳು ನಾನು. ಕಿಟಕಿಯ ಕಡೆ ತಿರುಗಿ, ನಡುದಾರಿಯ ಶಹಾಪುರ ಬರುವ ತನಕ ವಾಯಿದೆ ಕೇಳಿದೆ.